ದೊಡ್ಡ ಇಂಜಿನಿನ ಸಣ್ಣ ಸಣ್ಣ ಖರ್ಚುಗಳು

ಮೋಟಾರು ಗಾಡಿಯ ಇಂಜಿನೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಸಿಲಿಂಡರಿನೊಳಗೆ ಮೇಲಕ್ಕೂ ಕೆಳಕ್ಕೂ ಓಡಾಡುವ ಪಿಸ್ಟನ್. ಪಿಸ್ಟನ್ನೇ ಇಲ್ಲದ ಪೆಟ್ರೋಲ್ ಇಂಜಿನೂ ಒಂದಿದೆ ಎಂಬುದು ನಿಮ್ಮಲ್ಲಿ ಹಲವರಿಗೆ ತಿಳಿದಿರಲಾರದು. ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ (1902-1988) ಎಂಬವರ ಕಲ್ಪನೆಯಲ್ಲಿ ಹುಟ್ಟಿ, 1957ರಲ್ಲಿ ಎನ್.ಎಸ್.ಯು. ಕಂಪೆನಿಯಲ್ಲಿ ಮೊದಲ ಬಾರಿಗೆ ತಿರುಗಿದ ಈ ಯಂತ್ರಕ್ಕೆ ರೋಟರಿ ಇಂಜಿನ್ ಎಂದು ಹೆಸರು. ನಡು ತುಸು ಒತ್ತಿದಂತಿರುವ ಅಂಡಾಕಾರದ ಕೋಣೆಯೊಳಗೆ, ಬದಿಗಳು ಉಬ್ಬಿದ ತ್ರಿಕೋನದಂಥ ರೋಟರ್ ಸುತ್ತುತ್ತದೆ. ಹೀರುವುದು, ಅದುಮುವುದು, ಉರಿಯುವುದು, ಹೊಗೆಯುಗುಳುವುದು ಇವೆಲ್ಲ ಅದರ ಮೂರು ಬದಿಗಳಲ್ಲಿ ಸರದಿಯಂತೆ ನಡೆಯುತ್ತವೆ. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ನಡುವಣ ದಂಡ ಮೂರು ಸುತ್ತು ತಿರುಗಿರುತ್ತದೆ.

ಈ ಇಂಜಿನನ್ನು ಹಿಡಿದು ಸಾಧಿಸಿದವರು ಜಪಾನಿನ ಮಾಜ್ಡಾ ಕಂಪೆನಿಯವರು. 1978ರಲ್ಲಿ ಅವರು ಹೊರತಂದ ಆರ್‌ಎಕ್ಸ್-7 ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ಅಮೆರಿಕದಲ್ಲಿ ಬಹಳ ಜನಪ್ರಿಯವಾಯಿತು. ಅದರಲ್ಲಿದ್ದುದು 12ಎ ಎಂಬ ಇಂಜಿನ್. ರೋಟರ್ ಎರಡು, ಒಂದೊಂದಕ್ಕೆ 573 ಸಿ.ಸಿ., ಒಟ್ಟು 1146 ಸಿ.ಸಿ. ಇದರ ಅಣ್ಣ 13ಬಿ. ಅದರ ಲೆಕ್ಕ 654ರ ಎರಡರಷ್ಟು, ಅಂದರೆ 1308 ಸಿ.ಸಿ. ಚಿಕ್ಕದನ್ನು ತೆಗೆದು ದೊಡ್ಡದನ್ನು ಕೂಡಿಸಿದರೆ ಕಾರು ಇನ್ನಷ್ಟು ಚುರುಕಾಗದೇ? ಹಳೆಯ ಆರ್‌ಎಕ್ಸ್-7 ಕೊಂಡ ತರುಣರು ಮೊದಲು ಕೇಳುವ ಪ್ರಶ್ನೆ ಇದೇ. ಚುರುಕಾಗುತ್ತದೆ, ಸಂಶಯವಿಲ್ಲ. ಆದರೆ ಅವರು ಕೂಡಿಟ್ಟ ಹಣ ಸಾಮಾನ್ಯವಾಗಿ ಇಂಜಿನಿನ ಬೆಲೆಯಷ್ಟೇ ಇರುತ್ತದೆ. ತೊಡಕು ಅಲ್ಲಿಂದಲೇ ಶುರು.

ಎರಡು ಇಂಜಿನುಗಳ ರೋಟರುಗಳನ್ನು ಎದುರಿನಿಂದ ನೋಡಿದರೆ ಅಳತೆ ಒಂದೇ. ವ್ಯತ್ಯಾಸವಿರುವುದು ದಪ್ಪದಲ್ಲಿ. 12ಎ ಇಂಜಿನಿನ ರೋಟರ್ ಕೋಣೆ 70 ಮಿಲಿಮೀಟರ್ ದಪ್ಪ, 13ಬಿಯದು 80. ಕೋಣೆ ಎರಡಾದ್ದರಿಂದ ಇಂಜಿನ್ 20 ಮಿಲಿಮೀಟರ್ ಉದ್ದವಾಯಿತು. ಎರಡು ಬೆರಳಿನಷ್ಟೂ ಇಲ್ಲ! ಆದರೂ ಗಾಳಿ ಒಳಬರುವ, ಹೊಗೆ ಹೊರಹೋಗುವ ದ್ವಾರಗಳ ನಡುವಿನ ಅಂತರ ಹಿಗ್ಗುವುದರಿಂದ ಹಳೆಯ ಕೊಳವೆಗಳಾವುವೂ ಸರಿಯಾಗಿ ಕೂಡುವುದಿಲ್ಲ. ರೋಟರಿಯ ಹೊಗೆ ಅತ್ಯಂತ ಬಿಸಿ. ಅಗ್ಗದ ಕೊಳವೆ ಬೇಗ ಸುಟ್ಟುಹೋಗುತ್ತದೆ. ಆದ್ದರಿಂದ ಇಲ್ಲಿ ಕೈ ಬಿಗಿಹಿಡಿಯುವಂತಿಲ್ಲ.

ಹೆಚ್ಚಿನವರು ತರುವುದು ಎರಡನೆಯ ತಲೆಮಾರಿನ, ಅಂದರೆ 1986ರಿಂದ 1991ರವರೆಗಿನ ಆರ್‌ಎಕ್ಸ್-7ರಿಂದ ಕಳಚಿದ 13ಬಿ. ಹಳೆಯ ಕಾರಿನಲ್ಲಿ ಇಂಜಿನ್ ಕೂರುವುದು ಅದರ ಮುಂಬದಿಯ ಮುಚ್ಚಳದ ಆಧಾರದಿಂದ. ಹೊಸದರಲ್ಲಿ ಆಧಾರ ಬೇರೆಡೆ ಇದೆ. ಹಾಗಾಗಿ ಹಳೆಯ ಮುಚ್ಚಳವನ್ನು ಬಿಚ್ಚಿ ಹೊಸ ಇಂಜಿನಿಗೆ ತೊಡಿಸಬೇಕು. ಈ ಕೆಲಸದಲ್ಲಿ ಮುಂದಿನ ದೊಡ್ಡ ಬೋಲ್ಟನ್ನು ಸಡಿಲಿಸಿದಾಗ ಒಳಗಿನ ಸಣ್ಣ ಬೇರಿಂಗೊಂದು ಜಾರುವುದುಂಟು. ನೋಡದೆ ಬಿಗಿದರೆ ಅದು ಜಜ್ಜಿಹೋಗಿ, ಇಂಜಿನನ್ನು ಮತ್ತೆ ಬಿಚ್ಚಬೇಕಾಗುತ್ತದೆ. ಫ್ಲೈವೀಲಿನ ಸಮತೂಕವೂ ರೋಟರಿನ ತೂಕಕ್ಕೆ ಹೊಂದಿರಬೇಕು. 12ಎ ಇಂಜಿನಿನ ಚಕ್ರವನ್ನೇ ಬಳಸಿದರೆ ನಡುಕ ತಪ್ಪಿದ್ದಲ್ಲ.

ಕೊಂಡ ಇಂಜಿನ್ ಗಟ್ಟಿಯಿದೆಯೇ ಎಂದು ತಿಳಿಯುವುದೂ ಸುಲಭವಲ್ಲ. ರೋಟರಿನ ಪ್ರತಿ ಮೂಲೆಗೆ ಒಂದರಂತೆ, ಎರಡಕ್ಕೂ ಸೇರಿ ಆರು ಸೀಲ್ ಪಟ್ಟಿಗಳಿವೆ. ಸಾಮಾನ್ಯ ಒತ್ತಡಮಾಪಕ ಮೂರು ಬದಿಗಳಲ್ಲಿ ಅತಿ ಹೆಚ್ಚಿನದನ್ನಷ್ಟೇ ಹಿಡಿದು ತೋರಿಸುತ್ತದೆ. ಸೋತ ಬದಿ ಗೆದ್ದುದರ ಹಿಂದೆ ಅಡಗಿಕೊಳ್ಳುತ್ತದೆ. ಮೂರನ್ನೂ ಬೇರೆಬೇರೆಯಾಗಿ ತೋರಿಸುವ ಉಪಕರಣವುಳ್ಳವನಲ್ಲಿ ಪರೀಕ್ಷೆ ಮಾಡಿಸದೆ ಹಣ ಕೊಡುವುದು ಜಾಣತನವಲ್ಲ.

ಇನ್ನು ಪೆಟ್ರೋಲು. ಹಳೆಯದಕ್ಕೆ ಕಾರ್ಬ್ಯುರೇಟರ್, ಹೊಸದಕ್ಕೆ ಇಂಜೆಕ್ಷನ್. ಇಂಜೆಕ್ಷನ್ ಉಳಿಸಿಕೊಂಡರೆ ಹೆಚ್ಚು ಒತ್ತಡದ ಪಂಪು, ಟ್ಯಾಂಕಿಗೆ ಮರಳುವ ಕೊಳವೆ, ತಂತಿಗಳ ಜಾಲ, ಕಂಪ್ಯೂಟರ್ ಎಲ್ಲವೂ ಬೇಕು. ರೋಟರುಗಳು ಒಳಗಿನಿಂದ ತಣಿಯುವುದು ಎಣ್ಣೆಯಿಂದ. ಆದ್ದರಿಂದ ಒಳ್ಳೆಯ ಆಯಿಲ್ ಕೂಲರ್, ರೇಡಿಯೇಟರ್ ಇಲ್ಲದೆ ನಡೆಯದು. ಒಮ್ಮೆ ಮಿತಿಮೀರಿ ಕಾದರೆ ನೀರಿನ ಸೀಲುಗಳು ಕೆಟ್ಟು ಇಡೀ ಇಂಜಿನ್ ಬಿಚ್ಚುವ ಪಾಳಿ.

ನಮ್ಮಲ್ಲಿ ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಕೂಡಿಸಿದವರನ್ನು ಹೆತ್ತವರು ಕಂಡಿರಬಹುದು. ಗ್ಯಾರೇಜಿನ ಲೆಕ್ಕ ಮುಗಿದ ಮೇಲೂ ನೋಂದಣಿ ಪುಸ್ತಕದಲ್ಲಿ ಬದಲಾವಣೆ ಬರೆಸುವ ಓಡಾಟ ಇರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಟ್ಟುನಿಟ್ಟು ಇನ್ನೂ ಹೆಚ್ಚು: ಕೂಡಿಸುವ ಇಂಜಿನ್ ಕಾರಿಗಿಂತ ಹಳೆಯದಾಗಿರಬಾರದು, ಹೊಗೆ ನಿಯಂತ್ರಣದ ಸಾಮಗ್ರಿಯೆಲ್ಲ ಅದರೊಂದಿಗೇ ಬರಬೇಕು.

1990ರ ಯೂನೋಸ್ ಕಾಸ್ಮೋ ಕಾರಿನ ಮೂರು ರೋಟರಿನ 1962 ಸಿ.ಸಿ. ಇಂಜಿನಿಗೆ ಆಸೆಪಡುವವರೂ ಇದ್ದಾರೆ. ಅದಕ್ಕೆ ಕಾರಿನ ಮುಂಭಾಗವನ್ನೇ ಕೊಯ್ದು ಬೆಸೆಯಬೇಕಾದೀತು; ಅದು ಬೇರೆಯೇ ಕಥೆ.

ಈ ಖರ್ಚಿನ ಪಟ್ಟಿ ಎಲ್ಲಿಯವರೆಗೆ ಹೋಗುತ್ತದೆಂದು ತಿಳಿಯಲು ಕಾರ್ಖಾನೆಯವರನ್ನೇ ನೋಡೋಣ. 1984ರಲ್ಲಿ ಮಾಜ್ಡಾದವರು ಅಮೆರಿಕಕ್ಕಾಗಿ ಇದೇ ಹಳೆಯ ಕಾರಿಗೆ 13ಬಿ ಕೂಡಿಸಿ ಜಿಎಸ್‌ಎಲ್-ಎಸ್‌ಇ ಎಂದು ಮಾರಿದರು. ಶಕ್ತಿ ಸುಮಾರು 100 ಅಶ್ವಶಕ್ತಿಯಿಂದ 135ಕ್ಕೆ ಏರಿತು. ಅವರು ಇಂಜಿನ್ ಒಂದನ್ನೇ ಬದಲಿಸಿ ಸುಮ್ಮನಾದರೇ? ಇಲ್ಲ. ಕ್ಲಚ್ಚು, ಹಿಂದಿನ ಡಿಫರೆನ್ಷಿಯಲ್, ಬ್ರೇಕುಗಳು ಎಲ್ಲವನ್ನೂ ಬಲಪಡಿಸಿದರು. ಬೇಗ ಓಡುವ ಕಾರು ಬೇಗ ನಿಲ್ಲಲೂ ಬೇಕಲ್ಲವೇ? ಮನೆಯಲ್ಲಿ ಇಂಜಿನ್ ಬದಲಿಸುವ ತರುಣ ಕೊನೆಗೆ ಮುಂದೂಡುವುದು ಇದೇ ಬ್ರೇಕಿನ ಖರ್ಚನ್ನು. ಮೊದಲು ಮಾಡಬೇಕಾದುದೂ ಇದನ್ನೇ. ಎಸ್‌ಇಯ ಬ್ರೇಕು ಮತ್ತು ಆಕ್ಸಲ್ ತಂದರಾಯಿತು ಎನ್ನುವಂತೆಯೂ ಇಲ್ಲ. ಹಳೆಯ ಕಾರಿನ ಚಕ್ರದ ಬೋಲ್ಟುಗಳು 110 ಮಿಲಿಮೀಟರ್ ವೃತ್ತದಲ್ಲಿದ್ದರೆ ಎಸ್‌ಇಯವು 114.3ರಲ್ಲಿವೆ. ಆದ್ದರಿಂದ ನಾಲ್ಕು ಚಕ್ರಗಳನ್ನೂ ಬದಲಿಸಬೇಕು, ಜೊತೆಗೆ ಸ್ಟೆಪ್ನಿಯನ್ನೂ.