ಕಲ್ಲಿನ ಅಕ್ಷರ ಎಲ್ಲರದು, ಓದಿದ ಶ್ರಮ ಯಾರದು?

ಹೋದ ವರ್ಷ ಒಂದು ಭಾನುವಾರ ಜೆ.ಪಿ. ನಗರದ ನಮ್ಮ ಮನೆಯಿಂದ ಬೇಗೂರಿಗೆ ಹೋಗಿ, ನಾಗೇಶ್ವರ ದೇವಸ್ಥಾನದ ಆವರಣದಲ್ಲಿರುವ ಶಾಸನದ ಫೋಟೊ ತೆಗೆದೆ. 'ಬೆಂಗಳೂರು' ಎಂಬ ಹೆಸರಿರುವ, ಸುಮಾರು ಕ್ರಿ.ಶ. 890ರ ಕಲ್ಲು ಅದು. ಓರೆ ಬೆಳಕು ಬೀಳಲಿ ಅಂತ ಸಂಜೆವರೆಗೂ ಕಾದಿದ್ದೆ. ತಿಂಗಳೊಳಗೆ ಅದೇ ಫೋಟೊ ಬೇರೊಬ್ಬರ ಪುಟದಲ್ಲಿ ಬಂತು. ಮೂಲೆಯಲ್ಲಿದ್ದ ನನ್ನ ಹೆಸರು ಮಾತ್ರ ಮಾಯ. ಕೇಳಿದ್ದಕ್ಕೆ, "ಶಾಸನ ಏನು ನಿಮ್ಮ ಸ್ವಂತ ಆಸ್ತಿನಾ ಸಾರ್?" ಅಂದರು.

ಕೋಪ ಬಂದರೂ, ಆ ಪ್ರಶ್ನೆ ಅರ್ಧ ಸರಿ. ಪದರ ಪದರವಾಗಿ ನೋಡೋಣ.

ಮೊದಲನೆಯದು ಶಾಸನದ ಪಾಠ. ಅದು ಯಾರ ಸ್ವತ್ತೂ ಅಲ್ಲ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಬೆಂಗಳೂರು ಜಿಲ್ಲೆಯ 9ನೇ ಸಂಪುಟ ಬಂದದ್ದು 1905ರಲ್ಲಿ. ರೈಸ್ ತೀರಿಕೊಂಡದ್ದು 1927ರಲ್ಲಿ. ನಮ್ಮ 1957ರ ಕಾಯ್ದೆಯಲ್ಲಿ ಲೇಖಕ ತೀರಿಕೊಂಡ 60 ವರ್ಷಕ್ಕೆ, ಸರ್ಕಾರಿ ಪ್ರಕಟಣೆಯಾದರೆ ಪ್ರಕಟವಾದ 60 ವರ್ಷಕ್ಕೆ ಹಕ್ಕು ಮುಗಿಯುತ್ತದೆ. ಹೇಗೆ ಎಣಿಸಿದರೂ ಆ ಸಂಪುಟ ಈಗ ಎಲ್ಲರದು. ಆದರೆ ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ತಂದ ಪರಿಷ್ಕೃತ ಸಂಪುಟಗಳ ಲೆಕ್ಕ ಬೇರೆ.

ಎರಡನೆಯದು ನಮ್ಮ ಓದು. 2007ರಲ್ಲಿ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಬರೀ ಬೆವರು ಸುರಿಸಿದರೆ ಸಾಲದು, ಕೌಶಲ್ಯ ಮತ್ತು ವಿವೇಚನೆ ಬೇಕು, ಸ್ವಲ್ಪವಾದರೂ ಸ್ವಂತಿಕೆ ಇರಬೇಕು. ಹಾಗಾಗಿ ಇದ್ದ ಅಕ್ಷರವನ್ನು ಇದ್ದಂತೆ ಇಳಿಸಿಕೊಂಡರೆ ಹಕ್ಕು ಕೇಳುವುದು ಕಷ್ಟ. ಅನುವಾದ, ಟಿಪ್ಪಣಿಗಳಿಗೆ ಹಕ್ಕುಂಟು. ಅಳಿಸಿಹೋದ ಅಕ್ಷರಗಳನ್ನು ಊಹಿಸಿ ತುಂಬಿದ್ದಕ್ಕೆ? ಮೃತ ಸಮುದ್ರದ ಸುರುಳಿಗಳ ಚೂರು ಜೋಡಿಸಿ ಪಾಠ ಕಟ್ಟಿದ ವಿದ್ವಾಂಸರ ಹಕ್ಕನ್ನು ಇಸ್ರೇಲಿನ ಸುಪ್ರೀಂ ಕೋರ್ಟ್ 2000ದಲ್ಲಿ ಒಪ್ಪಿತ್ತು.

ಮೂರನೆಯದು ಚಿತ್ರ. ಫೋಟೊಗೂ ತೆಗೆದವರು ತೀರಿಕೊಂಡ ಮೇಲೆ 60 ವರ್ಷದವರೆಗೆ ಹಕ್ಕಿದೆ. ಅಂದರೆ ನನ್ನ ಫೋಟೊ ನನ್ನದು, ಕಲ್ಲಲ್ಲ. ನೀವೂ ಬೇಗೂರಿಗೆ ಹೋಗಿ ನಿಮ್ಮದೇ ಫೋಟೊ ತೆಗೀಬಹುದು. ಮಿಥಿಕ್ ಸೊಸೈಟಿ 2021ರಿಂದ ಮಾಡುತ್ತಿರುವಂಥ ತ್ರೀಡಿ ಸ್ಕ್ಯಾನ್‌ಗಳಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮ: ಯಂತ್ರ ಕಲ್ಲನ್ನು ಎಷ್ಟು ನಿಖರವಾಗಿ ನಕಲು ಮಾಡುತ್ತದೋ, ಸ್ವಂತಿಕೆಯ ವಾದಕ್ಕೆ ಅಷ್ಟೇ ಜಾಗ ಕಡಿಮೆ.

ಇನ್ನು ಡಿಜಿಟಲ್ ಬೀಗ. 2012ರ ತಿದ್ದುಪಡಿ 65ಎ, 65ಬಿ ಎಂಬ ಎರಡು ಕಲಂ ಸೇರಿಸಿತು. 65ಎ ಪ್ರಕಾರ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿಯುವುದು ಅಪರಾಧ. ಹಕ್ಕೇ ಮುಗಿದ ರೈಸ್ ಸಂಪುಟದ ಪಿಡಿಎಫ್‌ಗೆ ಯಾರೋ ಬೀಗ ಹಾಕಿದರೆ, ಅದರೊಳಗಿನ ಹಳೇ ಪಾಠ ಅವರದಾಗಲ್ಲ. 65ಬಿ ನನ್ನ ಕಥೆಗೆ ಹತ್ತಿರ: ಕೃತಿಕಾರನ ಹೆಸರು, ಬಳಕೆಯ ಷರತ್ತು ಮುಂತಾದ ಹಕ್ಕಿನ ಮಾಹಿತಿಯನ್ನು ಅನುಮತಿಯಿಲ್ಲದೆ, ಗೊತ್ತಿದ್ದೂ ತೆಗೆದರೆ ಎರಡು ವರ್ಷದವರೆಗೆ ಜೈಲು, ದಂಡ.

ಇಷ್ಟನ್ನೂ ವಿನಯದಿಂದಲೇ ಬರೆದು ಕಳಿಸಿದೆ. ಹೆಸರು ವಾಪಸ್ ಬಂತು.

ಆಮೇಲೆ ನಾನೂ ಬದಲಾದೆ. ಶಾಸನದ ಅಕ್ಷರಗಳ ಮೇಲೇ ದೊಡ್ಡ ವಾಟರ್‌ಮಾರ್ಕ್ ಹಾಕುತ್ತಿದ್ದೆ; ಓದೋರಿಗೆ ಅದೇ ಅಡ್ಡಿ. ಈಗ ಹೆಸರು, ಊರು, ದಿನಾಂಕ, ಬಳಕೆಯ ಷರತ್ತನ್ನು ಕೆಳಗಿನ ಪಟ್ಟಿಯಲ್ಲೂ ಫೈಲ್‌ನೊಳಗೂ ಬರೆದು, 'ಹೆಸರು ಹೇಳಿ ಬಳಸಿ' ಅಂತ ಬಿಡುತ್ತೇನೆ. ರೈಸ್ ಪಾಠ ಬಳಸಿದಾಗ ಅವರ ಹೆಸರನ್ನೂ ಹೇಳುತ್ತೇನೆ. ಕಾನೂನಿನ ಗಡುವು ಮುಗಿದಿದೆ, ಋಣ ಮುಗಿದಿಲ್ಲ.