ಗೋಕುಲಂ ಯೋಗಶಾಲೆಯ ಬೇರು ಎಲ್ಲಿದೆ?

ನ್ಯೂಯಾರ್ಕಿನಲ್ಲಾಗಲಿ, ಲಂಡನ್ನಿನಲ್ಲಾಗಲಿ ‘ಮೈಸೂರು ಸ್ಟೈಲ್’ ಎಂಬ ಬೋರ್ಡು ಹಾಕಿಕೊಂಡ ಯೋಗಶಾಲೆಗಳಿವೆ. ಅಲ್ಲಿ ನಸುಕಿನಲ್ಲೇ ಎದ್ದು ಬಂದು ಬೆವರು ಸುರಿಸುವವರಲ್ಲಿ ಹೆಚ್ಚಿನವರಿಗೆ ತಮ್ಮ ಅಭ್ಯಾಸದ ಎರಡು ಮುಖ್ಯ ಪುಸ್ತಕಗಳು ಮೊದಲು ಕನ್ನಡದಲ್ಲಿ ಬಂದವು ಎಂಬುದು ಗೊತ್ತಿರಲಾರದು. ತಿರುಮಲೈ ಕೃಷ್ಣಮಾಚಾರ್ಯರ ‘ಯೋಗ ಮಕರಂದ’ 1934ರ ಸುಮಾರಿನದು. ಅವರ ಶಿಷ್ಯ ಕೆ. ಪಟ್ಟಾಭಿ ಜೋಯಿಸರ ‘ಯೋಗಮಾಲಾ’ ಅಚ್ಚಾದದ್ದು 1962ರಲ್ಲಿ. ನಮ್ಮಲ್ಲೂ ಇದನ್ನು ಬಲ್ಲವರು ಕಡಿಮೆ. ಯೋಗವೆಂದರೆ ಹಿಮಾಲಯ, ಋಷಿಕೇಶ, ಐದು ಸಾವಿರ ವರ್ಷ ಎಂದು ಹೇಳುವುದೇ ರೂಢಿಯಾಗಿಬಿಟ್ಟಿದೆ. ಮೈಸೂರು ಯೋಗದ ನಿಜವಾದ ಕಥೆ ಅದಕ್ಕಿಂತ ತೀರಾ ಹತ್ತಿರದ್ದು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದೂ ಹೌದು.

ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರಲ್ಲಿ, ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ. ಮನೆತನ ಶ್ರೀವೈಷ್ಣವರದು, ನಾಥಮುನಿಗಳ ವಂಶವೆಂದು ಹೇಳಿಕೊಳ್ಳುತ್ತಿದ್ದವರು. ಮೈಸೂರಿನ ಪರಕಾಲ ಮಠದಲ್ಲಿ ಓದಿ, ಕಾಶಿಯಲ್ಲಿ ದರ್ಶನಗಳನ್ನು ಅರೆದು ಕುಡಿದ ಪಂಡಿತ ಅವರು. ಮಾನಸ ಸರೋವರದ ಕಡೆ ರಾಮಮೋಹನ ಬ್ರಹ್ಮಚಾರಿ ಎಂಬ ಗುರುವಿನ ಬಳಿ ಏಳು ವರ್ಷ ಯೋಗ ಕಲಿತೆನೆಂದು ಅವರೇ ಹೇಳುತ್ತಿದ್ದರು. ಅಷ್ಟು ಓದಿದವರಿಗೆ ಯಾವ ಸಂಸ್ಥಾನದಲ್ಲಾದರೂ ಆಸ್ಥಾನ ವಿದ್ವಾಂಸರ ಪೀಠ ಸಿಗುತ್ತಿತ್ತು. ಅವರು ಆರಿಸಿಕೊಂಡದ್ದು ಆಸನ ಕಲಿಸುವ ಕೆಲಸವನ್ನು. ಆ ದಿನಗಳಲ್ಲಿ ಅದು ಬೈರಾಗಿಗಳ ಕಸರತ್ತು ಎನಿಸಿಕೊಂಡಿತ್ತು.

ಅವರ ಕೈ ಹಿಡಿದದ್ದು ನಾಲ್ವಡಿ ಕೃಷ್ಣರಾಜ ಒಡೆಯರು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುವಾಯಿತು. ಅರಮನೆಯ ಬಂಧುಬಳಗದ ಅರಸು ಹುಡುಗರು ಅಲ್ಲಿನ ವಿದ್ಯಾರ್ಥಿಗಳು. ಒಂದೆಡೆ ಕೂರಲೊಲ್ಲದ ವಯಸ್ಸಿನ ಹುಡುಗರಿಗೆ ಬೇಕಾದದ್ದು ನೆಗೆತ, ವೇಗ, ಒಂದು ಆಸನದಿಂದ ಇನ್ನೊಂದಕ್ಕೆ ಉಸಿರಿನ ಲೆಕ್ಕದಲ್ಲಿ ಹಾಯುವ ವಿನ್ಯಾಸ. ಇಂದು ಜಗತ್ತು ‘ವಿನ್ಯಾಸ ಯೋಗ’ ಎನ್ನುವುದರ ಮೈಕಟ್ಟು ಬಹುಮಟ್ಟಿಗೆ ಇಲ್ಲಿ ರೂಪುಗೊಂಡಿತು. ಅದು ವ್ಯಾಯಾಮದ ಹುರುಪು ನಾಡಿನ ತುಂಬ ಹರಡಿದ್ದ ಕಾಲ. ಮುಂದೆ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತ, ತೂಕದ ಗುಂಡುಗಳ ಜೊತೆಗೆ ಸೂರ್ಯನಮಸ್ಕಾರವನ್ನೂ ಹುಡುಗರಿಗೆ ಹೇಳಿಕೊಡುತ್ತಿದ್ದರು.

ಹಾಗಾದರೆ ಈ ಯೋಗ ಹಳೆಯದೋ ಹೊಸದೋ? ಪಟ್ಟಾಭಿ ಜೋಯಿಸರ ಪರಂಪರೆ ‘ಯೋಗ ಕೊರುಂಟ’ ಎಂಬ ತಾಳೆಗರಿ ಗ್ರಂಥವನ್ನು ಆಧಾರವಾಗಿ ತೋರಿಸುತ್ತದೆ. ಕಲ್ಕತ್ತೆಯಲ್ಲಿ ಕೃಷ್ಣಮಾಚಾರ್ಯರಿಗೆ ಸಿಕ್ಕಿತ್ತು, ಆಮೇಲೆ ಇರುವೆ ತಿಂದು ಹಾಳಾಯಿತು ಎನ್ನುವುದು ಕಥೆ. ಅದರ ಪ್ರತಿ ಇಂದಿಗೂ ಯಾರ ಕೈಗೂ ಬಂದಿಲ್ಲ. ಆದರೆ ಅರಮನೆಯಲ್ಲೇ ಇದ್ದ, ಯಾರಾದರೂ ನೋಡಬಹುದಾದ ಒಂದು ಗ್ರಂಥವಿದೆ: ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’. ಅದರಲ್ಲಿ 122 ಆಸನಗಳ ಬಣ್ಣದ ಚಿತ್ರಗಳಿವೆ. ಹಗ್ಗ ಹಿಡಿದು ಮಾಡುವವು, ಗರಡಿಮನೆಯ ದಂಡವನ್ನು ನೆನಪಿಸುವವು ಎಲ್ಲ ಅಲ್ಲಿವೆ. 1996ರಲ್ಲಿ ನಾರ್ಮನ್ ಶೋಮನ್ ಅವುಗಳನ್ನು ಪುಸ್ತಕವಾಗಿ ಹೊರತಂದು, ಮೈಸೂರು ಅರಮನೆಗೆ ತನ್ನದೇ ಆದ ಯೋಗ ಪರಂಪರೆ ಇತ್ತೆಂದು ವಾದಿಸಿದರು. ಗರಡಿ, ಪಾಶ್ಚಾತ್ಯ ಜಿಮ್ನಾಸ್ಟಿಕ್ಸ್, ಹಠಯೋಗ, ಪತಂಜಲಿಯ ಸೂತ್ರ ಎಲ್ಲವೂ ಒಬ್ಬ ಪಂಡಿತನ ಕೈಯಲ್ಲಿ ಬೆರೆತವು ಎನ್ನುವ ವಿವರಣೆಯೇ ನನಗೆ ಒಪ್ಪಿಗೆಯಾಗುತ್ತದೆ. ಇದರಿಂದ ಯೋಗ ಸಣ್ಣದಾಗುವುದಿಲ್ಲ. ನಮ್ಮ ಅಜ್ಜಂದಿರ ಕಾಲದ ಮೈಸೂರಿಗೆ ಹೊಸದನ್ನು ಕಟ್ಟುವ ತ್ರಾಣ ಇತ್ತೆಂಬುದು ಹೆಮ್ಮೆಯ ಸಂಗತಿ.

ಆ ಶಾಲೆಯಿಂದ ಹೊರಟವರ ದಾರಿಗಳನ್ನು ನೋಡಿ. ಕೋಲಾರ ಸೀಮೆಯ ಬೆಳ್ಳೂರಿನ, ಕಾಯಿಲೆಯಿಂದ ಸೊರಗಿದ್ದ ಹುಡುಗ ಬಿ.ಕೆ.ಎಸ್. ಅಯ್ಯಂಗಾರ್ ಅಕ್ಕನ ಗಂಡನಾದ ಕೃಷ್ಣಮಾಚಾರ್ಯರ ಮನೆಗೆ ಬಂದು, 1937ರಲ್ಲಿ ಪುಣೆಗೆ ಹೋಗಿ ಅಲ್ಲೇ ನೆಲೆನಿಂತರು. ಲಾಟ್ವಿಯಾದಲ್ಲಿ ಹುಟ್ಟಿದ ಇಂದ್ರಾದೇವಿಯನ್ನು ಸೇರಿಸಿಕೊಳ್ಳಲು ಆಚಾರ್ಯರು ಮೊದಲು ಒಪ್ಪಲಿಲ್ಲ; ಮಹಾರಾಜರು ಹೇಳಿದ ಮೇಲೆ ಒಪ್ಪಿದರು. ಆಕೆ ಹಾಲಿವುಡ್ಡಿನಲ್ಲಿ ಯೋಗ ಕಲಿಸಿದರು. ಸ್ವಾತಂತ್ರ್ಯದ ನಂತರ ಅರಮನೆಯ ಆಶ್ರಯ ತಪ್ಪಿ ಯೋಗಶಾಲೆ ಮುಚ್ಚಿತು. ಆಚಾರ್ಯರು ಮದ್ರಾಸಿಗೆ ಹೋದರು. ನೂರು ವರ್ಷ ತುಂಬಿದ ಮೇಲೆ, 1989ರಲ್ಲಿ ಅಲ್ಲೇ ತೀರಿಕೊಂಡರು.

ಮೈಸೂರಿನಲ್ಲೇ ಉಳಿದವರು ಜೋಯಿಸರು. ಹಾಸನದ ಬಳಿಯ ಕೌಶಿಕದ ಪುರೋಹಿತ ಮನೆತನದ ಹುಡುಗ. ಹನ್ನೆರಡರ ವಯಸ್ಸಿನಲ್ಲಿ, 1927ರಲ್ಲಿ, ಹಾಸನದಲ್ಲಿ ಕೃಷ್ಣಮಾಚಾರ್ಯರ ಪ್ರಾತ್ಯಕ್ಷಿಕೆ ನೋಡಿ ಬೆರಗಾಗಿ, ಮರುದಿನವೇ ಅವರ ಬಾಗಿಲಿಗೆ ಹೋದರಂತೆ. ಆಮೇಲೆ ಸಂಸ್ಕೃತ ಓದಲು ಮೈಸೂರಿಗೆ ಬಂದು, ಅದ್ವೈತ ವೇದಾಂತ ಕಲಿತು, 1937ರಿಂದ 1973ರವರೆಗೆ ಮಹಾರಾಜ ಸಂಸ್ಕೃತ ಕಾಲೇಜಿನಲ್ಲಿ ಯೋಗ ಕಲಿಸಿದರು. 1948ರಲ್ಲಿ ಲಕ್ಷ್ಮೀಪುರದ ತಮ್ಮ ಮನೆಯಲ್ಲೇ ಅಷ್ಟಾಂಗ ಯೋಗ ಸಂಶೋಧನಾಲಯ ತೆರೆದರು. 1964ರಲ್ಲಿ ಬೆಲ್ಜಿಯಮ್ಮಿನ ಆಂದ್ರೆ ವಾನ್ ಲೈಸೆಬೆತ್ ಬಂದದ್ದೇ ನೆಪ, ಎಪ್ಪತ್ತರ ದಶಕದಲ್ಲಿ ಅಮೆರಿಕನ್ನರ ಸಾಲು ಹತ್ತಿತು. ಹತ್ತು-ಹನ್ನೆರಡು ಮಂದಿ ಹಿಡಿಸುವ ಕೋಣೆ. ಉಳಿದವರು ಸರದಿ ಬರುವವರೆಗೆ ಮೆಟ್ಟಿಲ ಮೇಲೆ ಕಾಯಬೇಕು. 2002ರಲ್ಲಿ ಶಾಲೆ ಗೋಕುಲಂಗೆ ಬಂತು. ಆಮೇಲೆ ಆ ಬಡಾವಣೆಯ ಬಾಡಿಗೆ ಮನೆ, ಹೋಟೆಲು, ಎಳನೀರು ಅಂಗಡಿಗಳ ವ್ಯಾಪಾರವೇ ಬೇರೆಯಾಯಿತು.

ಜೋಯಿಸರ ಪಾಠದ ಒಳಗೆ ಸಂಸ್ಕೃತ ಪಾಠಶಾಲೆಯ ಶಿಸ್ತು ಹೆಜ್ಜೆಹೆಜ್ಜೆಗೂ ಕಾಣುತ್ತದೆ. ಅಭ್ಯಾಸಕ್ಕೆ ಮುನ್ನ ಹೇಳುವ ಪ್ರಾರ್ಥನೆಯ ಮೊದಲ ಶ್ಲೋಕ ಶಂಕರಾಚಾರ್ಯರದೆಂದು ಪ್ರಸಿದ್ಧವಾದ ‘ಯೋಗತಾರಾವಳಿ’ಯದು, ಅದರ ಬೆನ್ನಿಗೇ ಸಾವಿರ ಹೆಡೆಯ ಪತಂಜಲಿಗೆ ನಮಸ್ಕಾರ. ಎಣಿಕೆ ಸಂಸ್ಕೃತದಲ್ಲಿ: ಸೂರ್ಯನಮಸ್ಕಾರದ ಮೊದಲ ಬಗೆಗೆ ಒಂಬತ್ತು ವಿನ್ಯಾಸ, ಎರಡನೆಯದಕ್ಕೆ ಹದಿನೇಳು. ಅಮಾವಾಸ್ಯೆ, ಹುಣ್ಣಿಮೆಗೆ ರಜೆ. ಪಾಠಶಾಲೆಯ ಅನಧ್ಯಯನದ ದಿನಗಳು ಹೀಗೆ ವಿದೇಶಗಳ ಯೋಗಶಾಲೆಗಳ ಕ್ಯಾಲೆಂಡರಿಗೂ ಹೋದವು. ಜೋಯಿಸರ ಕಾಲದಲ್ಲಿ ಶನಿವಾರ ಬಿಡುವು. ಅಂದು ಹರಳೆಣ್ಣೆ ಹಚ್ಚಿಕೊಂಡು ಎಣ್ಣೆಸ್ನಾನ ಮಾಡಬೇಕು. ನಮ್ಮ ಮನೆಗಳ ಅಭ್ಯಂಜನ ಸಾಧಕರ ನಿಯಮವಾದದ್ದು ಹೀಗೆ.

ಧ್ಯಾನ ಎಲ್ಲಿ ಎಂದು ಕೇಳುವವರುಂಟು. ಜೋಯಿಸರ ಉತ್ತರ ಸರಳ: ಯಮ-ನಿಯಮ ಮನಸ್ಸಿಗೆ ಸೇರಿದವು, ದುರ್ಬಲ ದೇಹದಲ್ಲಿ ಅವು ನಿಲ್ಲವು, ಆದ್ದರಿಂದ ಆಸನದಿಂದ ಹೊರಡಬೇಕು. ಉಸಿರು, ಆಸನ, ದೃಷ್ಟಿ ಮೂರೂ ಒಂದಾದ ‘ತ್ರಿಸ್ಥಾನ’ ಸಾಧಿಸಿದರೆ ಮನಸ್ಸು ತಾನಾಗಿ ಒಳಗೆ ತಿರುಗುತ್ತದೆ. ಆಸನಗಳ ಮೊದಲ ಸರಣಿಗೆ ಯೋಗ ಚಿಕಿತ್ಸಾ ಎಂದೂ ಎರಡನೆಯದಕ್ಕೆ ನಾಡಿ ಶೋಧನ ಎಂದೂ ಹೆಸರು. ಮೈ ಹದವಾಗಬೇಕು, ನಾಡಿ ಶುದ್ಧವಾಗಬೇಕು, ಕಣ್ಣು ಮುಚ್ಚಿ ಕೂರುವುದು ಆಮೇಲೆ. ಕೃಷ್ಣಮಾಚಾರ್ಯರ ನಡೆ ಬೇರೆ. ಅವರಿಗೆ ಪ್ರಾಣಾಯಾಮವೂ ಈಶ್ವರ ಪ್ರಣಿಧಾನವೂ ಇಲ್ಲದ ಆಸನ ಅಪೂರ್ಣ. ಮದ್ರಾಸಿನಲ್ಲಿ ಒಬ್ಬೊಬ್ಬರ ವಯಸ್ಸು, ಕಾಯಿಲೆ, ಶ್ರದ್ಧೆ ನೋಡಿ ಬೇರೆ ಬೇರೆಯಾಗಿ ಕಲಿಸಿದರು. ಗುರು ವಿಶಿಷ್ಟಾದ್ವೈತಿ, ಶಿಷ್ಯ ಅದ್ವೈತಿ. ಎರಡೂ ಶ್ರದ್ಧೆಗಳು ಇದೇ ಮೈಸೂರಿನ ಮಠ-ಪಾಠಶಾಲೆಗಳಲ್ಲಿ ಬೆಳೆದವು.

ಬೇರಿನ ಮಾತಾಡುವಾಗ ಹುಳುಕನ್ನು ಮುಚ್ಚಿಡಬಾರದು. ಜೋಯಿಸರು 2009ರಲ್ಲಿ ತೀರಿಕೊಂಡ ಮೇಲೆ, ಅವರ ಹಲವು ಶಿಷ್ಯೆಯರು ಹೆಸರು ಹೇಳಿಕೊಂಡೇ ಮುಂದೆ ಬಂದರು. ಆಸನ ತಿದ್ದುವ ನೆಪದಲ್ಲಿ ಗುರು ತಮ್ಮನ್ನು ಮುಟ್ಟಬಾರದ ರೀತಿಯಲ್ಲಿ ಮುಟ್ಟಿದರು ಎಂದರು. 2019ರಲ್ಲಿ ಮೊಮ್ಮಗ ಶರತ್ ಜೋಯಿಸ್ ಆ ನೋವನ್ನು ಬಹಿರಂಗವಾಗಿ ಒಪ್ಪಿಕೊಂಡರು. ಶರತ್ 2024ರ ನವೆಂಬರಿನಲ್ಲಿ ಅಮೆರಿಕದಲ್ಲಿ ಹಠಾತ್ತನೆ ತೀರಿಕೊಂಡರು. ಆ ಹೆಣ್ಣುಮಕ್ಕಳ ಮಾತನ್ನು ನಾನು ನಂಬುತ್ತೇನೆ. ಗುರುವಿನ ಮುಂದೆ ಶಿಷ್ಯ ತಲೆಬಾಗುವುದು ಈ ಪರಂಪರೆಯ ಜೀವಾಳ, ಅಪಾಯ ಇದ್ದದ್ದೂ ಅಲ್ಲೇ. ಬಾಗಿದ ತಲೆ ಪ್ರಶ್ನೆ ಕೇಳುವುದಿಲ್ಲ. ಸಮುದ್ರ ದಾಟಿ ಬಂದವಳಿಗೆ ಯಾವುದು ಪದ್ಧತಿ, ಯಾವುದು ಅತಿಕ್ರಮ ಎಂದು ಹೇಳುವವರೂ ಇರಲಿಲ್ಲ. ಯಮಗಳಲ್ಲಿ ಮೊದಲನೆಯದು ಅಹಿಂಸೆ. ಅದನ್ನು ಆಸನದ ನಂತರಕ್ಕೆ ಬಿಟ್ಟುಕೊಳ್ಳಬಹುದು ಎಂಬ ಕ್ರಮವನ್ನೇ ಈಗ ಮತ್ತೆ ನೋಡಬೇಕಾಗಿದೆ.

ಹೊರದೇಶಗಳ ಹಲವು ಅಷ್ಟಾಂಗ ಶಾಲೆಗಳು ಈ ಕೆಲಸ ಶುರುಮಾಡಿವೆ. ಮುಟ್ಟುವ ಮುಂಚೆ ಒಪ್ಪಿಗೆ ಕೇಳುತ್ತಾರೆ, ಬೇಡವೆಂದವರನ್ನು ಮಾತಿನಲ್ಲೇ ತಿದ್ದುತ್ತಾರೆ. ಕೆಲವರು ಗುರುವಿನ ಪಟವನ್ನು ಗೋಡೆಯಿಂದ ಇಳಿಸಿದ್ದಾರೆ. ಪಟದ ಬಗ್ಗೆ ಅವರವರು ತೀರ್ಮಾನಿಸಲಿ, ಆದರೆ ಒಪ್ಪಿಗೆ ಕೇಳುವುದು ಮೈಸೂರಿನ ಪ್ರತಿ ಶಾಲೆಯ ನಿಯಮವಾಗಬೇಕು. ಜೊತೆಗೆ, ಇಲ್ಲಿಗೆ ಬರುವ ವಿದ್ಯಾರ್ಥಿಗಳಿಗೆ ಆಸನದ ಪಾಠದೊಡನೆ ‘ಶ್ರೀತತ್ತ್ವನಿಧಿ’ಯ ಚಿತ್ರಗಳನ್ನೂ, ‘ಯೋಗ ಮಕರಂದ’ದ ಕನ್ನಡವನ್ನೂ, ಮಾತಾಡಿದ ಶಿಷ್ಯೆಯರ ಹೇಳಿಕೆಗಳನ್ನೂ ತೋರಿಸಬೇಕು. ಈ ಮೂರೂ ಆ ಶಾಲೆಯ ಚರಿತ್ರೆಯೇ.