36 ಗೆಲುವು, 117 ಸೋಲು: ಒಂದು ಚಾಂಪಿಯನ್ ತಂಡದ ಬಗ್ಗೆ ನಂಬಿದ್ದು, ನಡೆದದ್ದು

1916ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ಬೇಸ್‌ಬಾಲ್ ತಂಡ 36 ಪಂದ್ಯ ಗೆದ್ದು 117 ಸೋತಿತು. ಎಂಟು ತಂಡಗಳ ಅಮೆರಿಕನ್ ಲೀಗ್‌ನಲ್ಲಿ ಅದು ಕೊನೆಯದು. ಏಳನೆಯದಾಗಿದ್ದ ವಾಷಿಂಗ್ಟನ್ ತಂಡ ಕೂಡ ಅದಕ್ಕಿಂತ 40 ಪಂದ್ಯ ಹೆಚ್ಚು ಗೆದ್ದಿತ್ತು. ಜುಲೈ 21ರಿಂದ ಆಗಸ್ಟ್ 8ರವರೆಗೆ ಸತತ 20 ಸೋಲು. ಎರಡೇ ವರ್ಷದ ಹಿಂದೆ ಇದೇ ತಂಡ ಲೀಗ್ ಚಾಂಪಿಯನ್ ಆಗಿತ್ತು; 1910, 1911 ಮತ್ತು 1913ರಲ್ಲಿ, ಎರಡು ಲೀಗ್‌ಗಳ ಚಾಂಪಿಯನ್ನರು ಸೆಣಸುವ ವರ್ಲ್ಡ್ ಸೀರೀಸನ್ನೇ ಗೆದ್ದಿತ್ತು. ಅಷ್ಟು ಎತ್ತರದಲ್ಲಿದ್ದವರು ಹೀಗೆ ನೆಲಕಚ್ಚಿದ ಮೇಲೆ ಕಥೆಗಳು ಹುಟ್ಟದೆ ಇರುತ್ತವೆಯೇ? ಹುಟ್ಟಿದವು, ಇವತ್ತಿಗೂ ಓಡಾಡುತ್ತಿವೆ. ಅವುಗಳಲ್ಲಿ ಹೆಚ್ಚಿನವು ಆ ವರ್ಷ ಮೈದಾನದಲ್ಲಿ ಬೆವರು ಸುರಿಸಿದ ಆಟಗಾರರಿಗೆ ಅನ್ಯಾಯ ಮಾಡುತ್ತವೆ ಎಂಬುದೇ ನನ್ನ ತಕರಾರು.

ಎಲ್ಲಕ್ಕಿಂತ ಹೆಚ್ಚು ಚಾಲ್ತಿಯಲ್ಲಿರುವುದು ಸಿಟ್ಟಿನ ಕಥೆ. 1914ರ ವರ್ಲ್ಡ್ ಸೀರೀಸ್‌ನಲ್ಲಿ ಅಥ್ಲೆಟಿಕ್ಸ್ ಬಾಸ್ಟನ್ ಬ್ರೇವ್ಸ್ ಎದುರು ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋತಿತು. ಆಟಗಾರರು ಬೇಕೆಂದೇ ಸೋತರೆಂದು ಮ್ಯಾನೇಜರ್ ಕಾನಿ ಮ್ಯಾಕ್ ಅನುಮಾನಪಟ್ಟರು, ಆ ಕೋಪದಲ್ಲಿ ತಂಡವನ್ನೇ ಒಡೆದುಹಾಕಿದರು ಎನ್ನುತ್ತಾರೆ. ಬೇಕೆಂದೇ ಸೋತರು ಎನ್ನುವುದಕ್ಕೆ ಪುರಾವೆ ಇಲ್ಲ. ತಂಡ ಒಡೆದದ್ದಕ್ಕೆ ಕಾರಣ ಬೇಕಿದ್ದರೆ ಟಿಕೆಟ್ ಲೆಕ್ಕ ನೋಡಬೇಕು. 1913ರಲ್ಲಿ ಅವರ ಶೈಬ್ ಪಾರ್ಕ್ ಮೈದಾನಕ್ಕೆ ಸುಮಾರು 5.7 ಲಕ್ಷ ಪ್ರೇಕ್ಷಕರು ಬಂದಿದ್ದರು. 1914ರಲ್ಲಿ ತಂಡ ಮತ್ತೆ ಲೀಗ್ ಗೆದ್ದರೂ ಬಂದವರು ಸುಮಾರು 3.5 ಲಕ್ಷ ಮಾತ್ರ. ಗೆಲ್ಲುತ್ತಿದ್ದಾಗಲೇ ಜನ ಕಡಿಮೆಯಾಗಿದ್ದರು. ಸೋತಿದ್ದರಿಂದ ಜನ ಬರುವುದನ್ನು ಬಿಟ್ಟರು ಎಂಬ ಇನ್ನೊಂದು ನಂಬಿಕೆಯೂ ಇಲ್ಲಿ ಪೂರ್ತಿ ನಿಲ್ಲುವುದಿಲ್ಲ. ತಂಡ ಒಡೆದ 1915ರಲ್ಲಿ ಸಂಖ್ಯೆ 1.5 ಲಕ್ಷಕ್ಕಿಂತ ಕೆಳಗಿಳಿಯಿತು, ನಿಜ. ಆದರೆ ಅದಕ್ಕಿಂತ ಹೀನಾಯವಾದ 1916ರಲ್ಲಿ ಸುಮಾರು 1.8 ಲಕ್ಷಕ್ಕೆ ಏರಿತು.

ಅದೇ ಹೊತ್ತಿಗೆ ಫೆಡರಲ್ ಲೀಗ್ ಎಂಬ ಮೂರನೆಯ ಲೀಗ್ ಹುಟ್ಟಿಕೊಂಡು, ದೊಡ್ಡ ಸಂಬಳದ ಆಸೆ ತೋರಿಸಿ ಆಟಗಾರರನ್ನು ಸೆಳೆಯತೊಡಗಿತ್ತು. ಅಥ್ಲೆಟಿಕ್ಸ್‌ನ ಹಿರಿಯ ಪಿಚರ್‌ಗಳಾದ ಎಡ್ಡಿ ಪ್ಲ್ಯಾಂಕ್ ಮತ್ತು ಚೀಫ್ ಬೆಂಡರ್ ಆ ಕಡೆ ಹೋದರು. ಲೀಗ್‌ನ ಅತ್ಯುತ್ತಮ ಆಟಗಾರ ಎನಿಸಿಕೊಂಡಿದ್ದ ಎಡ್ಡಿ ಕಾಲಿನ್ಸ್‌ರನ್ನು ಮ್ಯಾಕ್ 50,000 ಡಾಲರಿಗೆ ಷಿಕಾಗೊಗೆ ಮಾರಿದರು.

ಹಾಗೆಂದು ಎಲ್ಲ ಹೊಣೆಯನ್ನೂ ಫೆಡರಲ್ ಲೀಗ್ ತಲೆಗೆ ಕಟ್ಟಲು ಬರುವುದಿಲ್ಲ. 1915ರ ಡಿಸೆಂಬರ್‌ನಲ್ಲೇ ಅದು ಬಾಗಿಲು ಮುಚ್ಚಿತ್ತು. 1916ರ ಸೀಸನ್ ಶುರುವಾಗುವಾಗ ಮ್ಯಾಕ್‌ಗೆ ಆ ಕಾಟ ಇರಲಿಲ್ಲ. ಇದ್ದದ್ದು ಅವರದೇ ಹಟ. ಮೂರನೇ ಬೇಸ್‌ನ ಫ್ರ್ಯಾಂಕ್ ಬೇಕರ್ ಸಂಬಳ ಹೆಚ್ಚಿಸಿ ಎಂದು ಕೇಳಿದಾಗ ಮ್ಯಾಕ್ ಒಪ್ಪಲಿಲ್ಲ. ಬೇಕರ್ 1915ರ ಇಡೀ ವರ್ಷ ಲೀಗ್‌ನಿಂದ ಹೊರಗೆ ಕೂತರು, ಆಮೇಲೆ ನ್ಯೂಯಾರ್ಕ್ ಯಾಂಕೀಸ್ ಪಾಲಾದರು. ಶಾರ್ಟ್‌ಸ್ಟಾಪ್ ಜ್ಯಾಕ್ ಬ್ಯಾರಿ ಬಾಸ್ಟನ್‌ಗೆ ಮಾರಾಟವಾದರು. ಒಂದು ಲಕ್ಷ ಡಾಲರಿನ ಇನ್‌ಫೀಲ್ಡ್ ಎಂದು ಜನ ಕೊಂಡಾಡುತ್ತಿದ್ದ ನಾಲ್ವರಲ್ಲಿ ಉಳಿದದ್ದು ಸ್ಟಫಿ ಮೆಕಿನಿಸ್ ಒಬ್ಬರೇ. ಮಹಾಯುದ್ಧ ಆಟಗಾರರನ್ನು ಕರೆದೊಯ್ದಿತ್ತು ಎಂಬ ಮಾತಿಗಂತೂ ಅರ್ಥವೇ ಇಲ್ಲ. ಅಮೆರಿಕ ಯುದ್ಧಕ್ಕೆ ಇಳಿದದ್ದು 1917ರ ಏಪ್ರಿಲ್‌ನಲ್ಲಿ.

ಇನ್ನು ನನಗೆ ಎಲ್ಲಕ್ಕಿಂತ ನೋವು ಕೊಡುವ ನಂಬಿಕೆ: ಆ ತಂಡದಲ್ಲಿ ಆಡಲು ಬರುವವರೇ ಇರಲಿಲ್ಲ ಎನ್ನುವುದು. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಪಿಚರ್ ಜ್ಯಾಕ್ ನೇಬರ್ಸ್. ಅವರ ಆ ವರ್ಷದ ದಾಖಲೆ ಒಂದು ಗೆಲುವು, 20 ಸೋಲು. ಏಪ್ರಿಲ್‌ನಲ್ಲಿ ಗೆದ್ದರು, ಆಮೇಲೆ ಸತತ 19 ಸೋತರು. ಆದರೆ ಬೇಸ್‌ಬಾಲ್‌ನಲ್ಲಿ ಸೋಲು ಪಿಚರ್ ಹೆಸರಿಗೆ ಬರೆಯಲ್ಪಡುತ್ತದೆ. ಫೀಲ್ಡರ್ ಚೆಂಡು ಬಿಟ್ಟರೂ, ತನ್ನ ತಂಡ ಒಂದೂ ರನ್ ಮಾಡದಿದ್ದರೂ ಸೋತವನು ಪಿಚರ್. ಫೀಲ್ಡರ್‌ಗಳ ತಪ್ಪಿನಿಂದ ಹೋದ ರನ್ ಬಿಟ್ಟು ಲೆಕ್ಕ ಹಾಕಿದರೆ, ನೇಬರ್ಸ್ ಒಂಬತ್ತು ಇನಿಂಗ್ಸ್‌ಗೆ ಸರಾಸರಿ 3.47 ರನ್ ಕೊಟ್ಟಿದ್ದರು. ಇದು ಒಳ್ಳೆಯ ಪಿಚರ್‌ನ ಅಂಕಿಯಲ್ಲ, ಒಪ್ಪೋಣ. ಆದರೆ ಲೀಗ್ ಸರಾಸರಿಗಿಂತ ಮುಕ್ಕಾಲು ರನ್ ಕೂಡ ಹೆಚ್ಚಿಲ್ಲದ ಈ ಅಂಕಿ 20 ಸೋಲಿಗೆ ಖಂಡಿತ ತಕ್ಕದ್ದಲ್ಲ.

ಅವರ ಬೆನ್ನ ಹಿಂದೆ ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಂತಿದ್ದವರು ವೈಟಿ ವಿಟ್. ಕೆಳಗಿನ ಲೀಗ್‌ಗಳಲ್ಲಿ ಒಂದು ದಿನವೂ ಪಳಗದೆ ಶಾಲೆಯಿಂದ ನೇರವಾಗಿ ಬಂದ 20ರ ಹುಡುಗ. ಆ ಒಂದೇ ವರ್ಷದಲ್ಲಿ 78 ತಪ್ಪು ಮಾಡಿದರು. ಪಕ್ಕದಲ್ಲಿ ಎರಡನೇ ಬೇಸ್ ಕಾಯುತ್ತಿದ್ದವರು ಒಂದು ಕಾಲದ ಮಹಾನ್ ಬ್ಯಾಟರ್ ನ್ಯಾಪ್ ಲಾಜ್ವೇ. ಆಗ ಅವರಿಗೆ 41 ವರ್ಷ, ಅದೇ ಅವರ ಕೊನೆಯ ಸೀಸನ್. ಒಂದು ಕಡೆ ಇನ್ನೂ ಕಲಿಯಬೇಕಾದವನು, ಇನ್ನೊಂದು ಕಡೆ ಕಾಲು ಸೋತವರು. ಇಬ್ಬರ ನಡುವೆ ಉರುಳಿಹೋದ ಚೆಂಡುಗಳೆಲ್ಲ ಪಿಚರ್‌ಗಳ ಪಾಲಿನ ಸಂಕಟ.

ಅಂಥದ್ದರಲ್ಲೂ ಬುಲೆಟ್ ಜೋ ಬುಷ್ 15 ಪಂದ್ಯ ಗೆದ್ದರು, ಎಲ್ಮರ್ ಮೈಯರ್ಸ್ 14. ತಂಡದ 36ರಲ್ಲಿ 29 ಇವರಿಬ್ಬರದೇ. ಆಗಸ್ಟ್ 26ರಂದು ಬುಷ್ ಕ್ಲೀವ್‌ಲ್ಯಾಂಡ್ ವಿರುದ್ಧ ಆಡಿದ ಆಟವನ್ನು ಕಣ್ಣಮುಂದೆ ತಂದುಕೊಳ್ಳಿ. ಮೊದಲ ಬ್ಯಾಟರ್ ಜ್ಯಾಕ್ ಗ್ರೇನಿಗೆ ನಾಲ್ಕು ಕೆಟ್ಟ ಎಸೆತ, ಅವರು ನಡೆದುಕೊಂಡೇ ಮೊದಲ ಬೇಸ್ ಸೇರಿದರು. ಅಲ್ಲಿಂದ ಮುಂದೆ ಕ್ಲೀವ್‌ಲ್ಯಾಂಡ್‌ನ ಯಾರೂ ಬೇಸ್ ಮುಟ್ಟಲಿಲ್ಲ. ಒಂದೂ ಹಿಟ್ ಇಲ್ಲ, 5–0 ಗೆಲುವು. ಇದು ನಡೆದದ್ದು 117 ಸೋತ ತಂಡದಲ್ಲಿ!

ಬುಷ್, ಕ್ಯಾಚರ್ ವಾಲಿ ಶ್ಯಾಂಗ್, ಆ ವರ್ಷ .316 ಸರಾಸರಿಯಲ್ಲಿ ಬ್ಯಾಟ್ ಮಾಡಿದ ಏಮೋಸ್ ಸ್ಟ್ರಂಕ್ ಮತ್ತು ಮೆಕಿನಿಸ್, ಈ ನಾಲ್ವರೂ ಮುಂದೆ ಬಾಸ್ಟನ್ ರೆಡ್ ಸಾಕ್ಸ್ ಸೇರಿ 1918ರ ವರ್ಲ್ಡ್ ಸೀರೀಸ್ ಗೆದ್ದರು. ಬುಷ್ ಮತ್ತು ಶ್ಯಾಂಗ್ 1923ರಲ್ಲಿ ಯಾಂಕೀಸ್ ಪರವಾಗಿ ಮತ್ತೊಮ್ಮೆ ಗೆದ್ದರು. ಆ ಯಾಂಕೀಸ್ ತಂಡದ ಸೆಂಟರ್ ಫೀಲ್ಡರ್ ಯಾರೆಂದುಕೊಂಡಿರಿ? 78 ತಪ್ಪುಗಳ ಅದೇ ವೈಟಿ ವಿಟ್.

ಚರಿತ್ರೆಯಲ್ಲೇ ಅತಿ ಕೆಟ್ಟ ತಂಡ ಎಂಬ ಬಿರುದನ್ನೂ ಸ್ವಲ್ಪ ತಿದ್ದಬೇಕು. 1899ರ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ ಗೆದ್ದದ್ದು 20, ಸೋತದ್ದು 134. 1900ರ ಈಚೆಗಿನ ಅತಿ ಹೆಚ್ಚು ಸೋಲು 2024ರ ಷಿಕಾಗೊ ವೈಟ್ ಸಾಕ್ಸ್‌ನವು, 121. ಆದರೆ ಅವರು ಆಡಿದ್ದು 162 ಪಂದ್ಯ. ಗೆಲುವಿನ ಪ್ರಮಾಣದಲ್ಲಿ ಮಾತ್ರ 1900ರ ನಂತರದ ತಳದ ಜಾಗ ಅಥ್ಲೆಟಿಕ್ಸ್‌ನದೇ, .235.

ಇಷ್ಟೆಲ್ಲ ಆದಮೇಲೂ ಮ್ಯಾಕ್ ಕೆಲಸ ಉಳಿಸಿಕೊಂಡದ್ದು ಹೇಗೆ ಎಂದು ಕೇಳುವವರು ಅವರು ಬರೀ ಮ್ಯಾನೇಜರ್ ಎಂದುಕೊಂಡಿರುತ್ತಾರೆ. ಅವರು ತಂಡದ ಪಾಲುದಾರ ಮಾಲೀಕರು; ಅವರನ್ನು ತೆಗೆಯುವವರು ಯಾರು? 1915ರಿಂದ 1921ರವರೆಗೆ ಏಳು ವರ್ಷ ಸತತವಾಗಿ ಕೊನೆಯ ಸ್ಥಾನದಲ್ಲಿದ್ದರೂ 1950ರವರೆಗೆ ಅವರೇ ತಂಡ ನಡೆಸಿದರು. ಹೊಸ ತಂಡ ಕಟ್ಟಿ 1929, 1930, 1931ರಲ್ಲಿ ಲೀಗ್ ಗೆದ್ದರು, ಮೊದಲ ಎರಡು ವರ್ಷ ವರ್ಲ್ಡ್ ಸೀರೀಸನ್ನೂ ಗೆದ್ದರು. ಮಹಾ ಆರ್ಥಿಕ ಕುಸಿತದಲ್ಲಿ ಟಿಕೆಟ್ ಕೊಳ್ಳುವವರು ಕಡಿಮೆಯಾಗುತ್ತಲೇ, 1932ರಲ್ಲಿ ಆಲ್ ಸಿಮನ್ಸ್ ಸೇರಿ ಮೂವರನ್ನು ಮತ್ತೆ ಷಿಕಾಗೊಗೇ ಮಾರಿದರು.